ಥರ್ಮೋಸ್ಟ್ಯಾಟ್‌ನಲ್ಲಿ 22, ಟಬ್‌ನ ತಳದಲ್ಲಿ 47: ಹಾವಿನ ರ‍್ಯಾಕ್ ಬಿಸಿ ಮಾಡುವ ಬಗ್ಗೆ

ಹುತ್ತದಮನೆ (ಕುವೆಂಪುನಗರ, ಮೈಸೂರು), ಫೆಬ್ರವರಿ 22

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ರ‍್ಯಾಕ್ ಇಟ್ಟವರೆಲ್ಲ ಇವತ್ತೇ ಹೋಗಿ ತಮ್ಮ ಸೆನ್ಸರ್ ಎಲ್ಲಿದೆ ಅಂತ ನೋಡಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಐದು ಖಾನೆಯ ಪ್ಲೈವುಡ್ ರ‍್ಯಾಕ್. ಖಾನೆಗೊಂದು ಎಳೆದು ತೆಗೆಯುವ ಟಬ್, ಟಬ್‌ಗೊಂದು ಹಾವು. ಮೇಲಿನ ನಾಲ್ಕರಲ್ಲಿ ಬಾಲ್ ಪೈಥಾನ್ (ಆಫ್ರಿಕದ ಸಣ್ಣ ಹೆಬ್ಬಾವು), ಕೆಳಗಿನದರಲ್ಲಿ ಒಂದು ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು). ಪ್ರತಿ ಖಾನೆಯಲ್ಲೂ ಟಬ್‌ನ ಹಿಂದಿನ ಮೂರನೇ ಒಂದು ಭಾಗದ ಕೆಳಗೆ ಹೀಟ್ ಟೇಪ್ (ಕರೆಂಟ್ ಕೊಟ್ಟರೆ ಬಿಸಿಯಾಗುವ ತೆಳು ಪಟ್ಟಿ) ಹಾಯುತ್ತದೆ. ಐದಕ್ಕೂ ಸೇರಿ ಒಂದೇ ಥರ್ಮೋಸ್ಟ್ಯಾಟ್ (ಸೆನ್ಸರ್ ತೋರಿಸುವ ಬಿಸಿ ನೋಡಿ ಟೇಪ್ ಆನ್-ಆಫ್ ಮಾಡುವ ಪೆಟ್ಟಿಗೆ), ಒಂದೇ ಸೆನ್ಸರ್. ಸೆನ್ಸರನ್ನು ಮೂರನೇ ಟಬ್‌ನ ಹಿಂಬದಿಯ ತೂತಿನಿಂದ ಒಳಗೆ ತೂರಿಸಿ ಬಿಟ್ಟಿದ್ದೆ. ಅಂಟಿಸಿರಲಿಲ್ಲ. ಮೂರು ವರ್ಷ ಹಾಗೇ ನಡೆದಿತ್ತು.

ಜನವರಿ ಎರಡನೇ ವಾರ. ರಾತ್ರಿ ಹತ್ತರ ಸುಮಾರಿಗೆ ಮೂರನೇ ಟಬ್ ಎಳೆದು, ನೀರಿನ ಬಟ್ಟಲು ತೊಳೆದು ಇಟ್ಟು, ವಾಪಸ್ ತಳ್ಳಿದೆ. ಟಬ್ ಎಳೆದಾಗ ಸೆನ್ಸರ್ ತೂತಿನಿಂದ ಜಾರಿ ರ‍್ಯಾಕ್‌ನ ಹಿಂದೆ ಗೋಡೆ ಪಕ್ಕ ನೇತಾಡಿದೆ. ನಾನು ನೋಡಲಿಲ್ಲ. ಆ ವಾರ ಚಳಿ ಜೋರಾಗಿತ್ತು. ಸೆನ್ಸರ್‌ಗೆ ತಣ್ಣನೆ ಗಾಳಿ ತಾಗುತ್ತಿತ್ತು. ಥರ್ಮೋಸ್ಟ್ಯಾಟ್ ಪಾಪ, ಇನ್ನೂ ಬಿಸಿ ಸಾಲದು ಅಂದುಕೊಂಡು ರಾತ್ರಿಯಿಡೀ ಟೇಪ್‌ಗೆ ಕರೆಂಟ್ ಕೊಡುತ್ತಲೇ ಇತ್ತು.

ಬೆಳಿಗ್ಗೆ ಐದೂವರೆಗೆ ಎದ್ದಾಗ ರೂಮಿನಲ್ಲಿ ಬಿಸಿ ಪ್ಲಾಸ್ಟಿಕ್ ವಾಸನೆ. ಥರ್ಮೋಸ್ಟ್ಯಾಟ್ ನೋಡಿದರೆ 22, ಕೆಂಪು ದೀಪ ಉರಿಯುತ್ತಿದೆ. ಇನ್‌ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯುವ ಮೀಟರ್) ಹಿಡಿದೆ, ಟಬ್‌ನ ತಳ 47 ಡಿಗ್ರಿ. ಹಾವು ಮುಂದಿನ ಮೂಲೆಯಲ್ಲಿ ಮೂತಿಯನ್ನು ಗಾಳಿ ತೂತಿಗೆ ಒತ್ತಿಕೊಂಡು ಕೂತಿತ್ತು. ಎತ್ತಿದಾಗ ಹೊಟ್ಟೆಯ ಅಗಲ ಹುರುಪೆಗಳು ಒಂದು ಗೇಣಿನಷ್ಟು ಉದ್ದಕ್ಕೆ ಕೆಂಪಗಾಗಿದ್ದವು. ಒಂದೆರಡು ಕಡೆ ಬೊಬ್ಬೆ. ಅವಳು ನನ್ನ ಕೈಗೆ ಸುತ್ತಿಕೊಳ್ಳಲೂ ಇಲ್ಲ.

ಪಶುವೈದ್ಯರ ಹತ್ತಿರ ಅವತ್ತೇ ಹೋದೆವು. ಸಲೈನ್‌ನಲ್ಲಿ ತೊಳೆದು, ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚಿದರು. ತೆಂಗಿನ ನಾರು ತೆಗೆದು ಟಬ್‌ಗೆ ಬರೀ ಟಿಶ್ಯೂ ಕಾಗದ ಹಾಕಿ, ದಿನಾ ಬದಲಾಯಿಸಿ ಅಂದರು. ಈಗ ಒಂದು ಪೊರೆ ಬಿಟ್ಟಿದ್ದಾಳೆ. ಗಾಯ ಒಣಗಿದೆ, ಗುರುತು ಇದೆ. ಇನ್ನೂ ತಿಂದಿಲ್ಲ. ಉಳಿದ ನಾಲ್ಕಕ್ಕೆ ಸುಟ್ಟ ಗಾಯ ಆಗಿಲ್ಲ, ಅದು ನಮ್ಮ ಪುಣ್ಯ.

ಬಿಸಿ ಜಾಸ್ತಿಯಾದರೆ ಹಾವೇ ಸರಿದು ಹೋಗುತ್ತದೆ ಅಂತ ನಂಬಿ ಕೂರಬೇಡಿ. ಸುಡುವ ಜಾಗದ ಮೇಲೇ ಮಲಗಿ ಹೊಟ್ಟೆ ಸುಟ್ಟುಕೊಂಡ ಸಾಕುಹಾವುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ರ‍್ಯಾಕ್‌ನಲ್ಲಿ ಸರಿದು ಹೋಗಲು ಜಾಗ ತಾನೇ ಎಷ್ಟಿದೆ?

ನೀವೆಲ್ಲ ಸೆನ್ಸರ್ ಎಲ್ಲಿ, ಹೇಗೆ ಕೂರಿಸಿದ್ದೀರಿ? ದಯವಿಟ್ಟು ಬಿಡಿಸಿ ಬರೆಯಿರಿ.

ಗುತ್ತಲು ರಸ್ತೆ (ಮಂಡ್ಯ)

ಅಣ್ಣ, ಓದಿ ಕೈ ನಡುಗಿತು. ಬೇಗ ಹುಷಾರಾಗಲಿ.

ನಾನು ಹೊಸಬ. ಒಂದೇ ಬಾಲ್ ಪೈಥಾನ್ ಮರಿ, ಎಂಟು ತಿಂಗಳದ್ದು. ಡಿಸೆಂಬರ್‌ನಲ್ಲಿ ಇಲಿ ತಿಂದ ಮೂರನೇ ದಿನ ವಾಂತಿ ಮಾಡಿತು. ಆಗ ನನ್ನ ಹತ್ತಿರ ಬಿಸಿಗೆ ಏನೂ ಇರಲಿಲ್ಲ, ಮಂಡ್ಯದಲ್ಲಿ ಯಾವಾಗಲೂ ಸೆಕೆ ತಾನೇ ಅಂತ ಸುಮ್ನೆ ಇದ್ದೆ. ಈಗ ನಮ್ಮ ಭಾವ ಅಮೆರಿಕದಿಂದ ಬರುವಾಗ ಹೀಟ್ ಟೇಪ್ ತಂದುಕೊಟ್ಟಿದ್ದಾರೆ. ಅದರ ಮೇಲೆ 110 ವೋಲ್ಟ್, ಅಡಿಗೆ 20 ವ್ಯಾಟ್ ಅಂತ ಬರೆದಿದೆ. ಪಿನ್ ಬದಲಾಯಿಸಿ ನಮ್ಮ ಪ್ಲಗ್‌ಗೆ ಹಾಕಿದರೆ ಸಾಕಲ್ವಾ? ಥರ್ಮೋಸ್ಟ್ಯಾಟ್ ಹೇಗೂ ಆಫ್ ಮಾಡುತ್ತದೆ.

ಫ್ಯೂಸ್‌ವೈರ್ (ಹೆಬ್ಬಾಳ, ಮೈಸೂರು)

ಗುತ್ತಲು ರಸ್ತೆ ಅವರೇ, ದಯವಿಟ್ಟು ಹಾಕಬೇಡಿ. ಆ ಟೇಪ್ ಪಕ್ಕಕ್ಕಿಡಿ, ಆಮೇಲೆ ಮುಂದಿನದು ಓದಿ.

ವೋಲ್ಟೇಜ್ ಎರಡರಷ್ಟಾದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು. 110ರ ಟೇಪ್‌ಗೆ ನಮ್ಮ 230 ಕೊಟ್ಟರೆ ಲೆಕ್ಕದ ಪ್ರಕಾರ 4.37 ಪಟ್ಟು. ಅಡಿಗೆ 20 ವ್ಯಾಟ್ ಇದ್ದದ್ದು ಹತ್ತಿರ ಹತ್ತಿರ 87 ವ್ಯಾಟ್ ಆಗುತ್ತದೆ. ಥರ್ಮೋಸ್ಟ್ಯಾಟ್ ಆಫ್ ಮಾಡುವಷ್ಟರಲ್ಲಿ ಟೇಪ್‌ನ ಪ್ಲಾಸ್ಟಿಕ್ ಕರಗಬಹುದು, ಪ್ಲೈವುಡ್ ಕಪ್ಪಾಗಬಹುದು. ಆ ಟೇಪೇ ಬೇಕು ಅಂದರೆ 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಟೇಪ್‌ನ ಒಟ್ಟು ವ್ಯಾಟ್‌ಗಿಂತ ಒಂದೂವರೆ ಪಟ್ಟು ದೊಡ್ಡದು ಇರಲಿ. ಇಲ್ಲವಾದರೆ 230 ವೋಲ್ಟ್ ಅಂತಲೇ ಬರೆದಿರುವ ಮ್ಯಾಟ್ ಕೊಳ್ಳಿ. ಒಂದೇ ಮರಿಗೆ ಅದೇ ಸುಲಭ.

ಹುತ್ತದಮನೆ ಸಾರ್, ನಿಮಗೆ ಒಂದು ಪ್ರಶ್ನೆ. ಯಾವ ಥರ್ಮೋಸ್ಟ್ಯಾಟ್? ಎಸ್‌ಟಿಸಿ-1000 ತಾನೇ?

ಹುತ್ತದಮನೆ

ಹೌದು ಸಾರ್, ಅದೇ. 31ಕ್ಕೆ ಸೆಟ್ ಮಾಡಿದ್ದೆ, ವ್ಯತ್ಯಾಸ 0.3. ಅಂದರೆ 31ಕ್ಕಿಂತ 0.3 ಡಿಗ್ರಿ ಇಳಿದರೆ ಮತ್ತೆ ಆನ್ ಆಗುತ್ತದೆ.

ಗುತ್ತಲು ರಸ್ತೆ ತಮ್ಮಾ, ವಾಂತಿ ಮಾಡಿದ್ದು ಚಳಿಗೇ ಇರಬೇಕು. ಹಾವಿಗೆ ಒಳಗಿನಿಂದ ಬಿಸಿ ಬರುವುದಿಲ್ಲ. ಹೊಟ್ಟೆಗೆ ಬಿಸಿ ಸಿಗದಿದ್ದರೆ ಇಲಿ ಅರಗುವ ಮೊದಲೇ ಕೊಳೆಯುತ್ತದೆ, ಆಗ ಹೊರಗೆ ಹಾಕಲೇಬೇಕು. ಬಾಲ್ ಪೈಥಾನ್‌ಗೆ ಬಿಸಿ ತುದಿ 31ರಿಂದ 32, ತಂಪು ತುದಿ 25ರಿಂದ 27. ಮೊದಲು ಈ ಎರಡೂ ಸರಿ ಮಾಡು. ವಾಂತಿಯಾದ ಮೇಲೆ ಎರಡು ವಾರ ಏನೂ ಕೊಡಬಾರದು. ಆಮೇಲೆ ಕೊಡುವಾಗ ಮೊದಲಿಗಿಂತ ಸಣ್ಣ ಇಲಿ. ಮತ್ತೆ ವಾಂತಿಯಾದರೆ, ಅಥವಾ ಉಸಿರಾಡುವಾಗ ಸದ್ದು ಬಂದು ಬಾಯಲ್ಲಿ ಗುಳ್ಳೆ ಕಂಡರೆ, ತಡಮಾಡದೆ ವೈದ್ಯರಿಗೆ ತೋರಿಸು.

ಫ್ಯೂಸ್‌ವೈರ್

ಸಾರ್, 0.3 ತುಂಬಾ ಕಮ್ಮಿ. ಒಳಗಿನ ರಿಲೇ (ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಟಕ್ ಟಕ್ ಅಂತ ಹೊಡೆದುಕೊಳ್ಳುತ್ತಲೇ ಇರುತ್ತದೆ. ಐದು ನಿಮಿಷಕ್ಕೊಂದು ಸಲ ಅಂದರೂ ದಿನಕ್ಕೆ 288 ಸಲ, ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ರಿಲೇ ಸವೆದು ಕೊನೆಗೆ ಅದರ ಎರಡು ಬಿಂದು ಒಂದಕ್ಕೊಂದು ಅಂಟಿಕೊಂಡರೆ ಆಫ್ ಆಗುವುದೇ ಇಲ್ಲ. ಪರದೆಯಲ್ಲಿ 38, 40 ಅಂತ ಸರಿಯಾಗಿಯೇ ತೋರಿಸುತ್ತಿರುತ್ತದೆ, ದೀಪವೂ ಆರಿರುತ್ತದೆ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತದೆ. ನಿಮ್ಮದು ಸೆನ್ಸರ್ ಜಾರಿದ ಕಥೆ. ಇದು ಇನ್ನೊಂದು ಕಥೆ. ಎರಡರಲ್ಲೂ ಸುಡುವುದು ಹಾವಿನ ಹೊಟ್ಟೆಯೇ.

ಆ ವ್ಯತ್ಯಾಸದ ಸೆಟ್ಟಿಂಗ್ ಎಫ್2, ಅದನ್ನು 1 ಡಿಗ್ರಿ ಮಾಡಿ. ಟಬ್‌ನ ತಳಕ್ಕೆ 1 ಡಿಗ್ರಿ ಹೆಚ್ಚುಕಮ್ಮಿ ಏನೂ ಅಲ್ಲ. ಸೆನ್ಸರ್ ತಪ್ಪು ತೋರಿಸುತ್ತಿದ್ದರೆ ಎಫ್4ರಲ್ಲಿ ತಿದ್ದಬಹುದು.

ಇನ್ನು ಮುಖ್ಯವಾದದ್ದು. ಒಂದೇ ಥರ್ಮೋಸ್ಟ್ಯಾಟ್ ನಂಬಿ ಮಲಗಬಾರದು. ಟೇಪ್‌ಗೆ ಹೋಗುವ ಫೇಸ್ ವೈರ್‌ನಲ್ಲೇ ಇನ್ನೊಂದು ಕಟ್‌ಆಫ್ ಕೂರಿಸಿ. ಕೆಎಸ್‌ಡಿ-301 ಅಂತ ಒಂದು ಪುಟಾಣಿ ಬಿಲ್ಲೆ ಬರುತ್ತದೆ, ಎರಡು ಕಾಲು, ಮೇಲೆ ಲೋಹದ ಮುಚ್ಚಳ. ಗೀಸರ್, ಕಾಫಿ ಮೆಷಿನ್ ರಿಪೇರಿ ಮಾಡುವವರಿಗೆ ಚೆನ್ನಾಗಿ ಗೊತ್ತು. ಮಾಮೂಲಿಯಾಗಿ ಮುಚ್ಚಿಕೊಂಡಿದ್ದು 45 ಡಿಗ್ರಿಗೆ ತೆರೆದುಕೊಳ್ಳುವುದನ್ನು ಕೇಳಿ ತನ್ನಿ. ಕೈಯಿಂದ ಒತ್ತಿ ಮತ್ತೆ ಶುರು ಮಾಡುವ ನಮೂನೆ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಅದು ತಾನಾಗಿ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಬಿಸಿಯಾಗುವ ಟೇಪ್‌ಗೆ ಅದನ್ನು ತಾಗಿಸಿ ಕೂರಿಸಿ. ಅದರಲ್ಲಿ ಸಾಫ್ಟ್‌ವೇರ್ ಇಲ್ಲ, ಸೆನ್ಸರ್ ವೈರ್ ಇಲ್ಲ. ಒಳಗಿನ ಲೋಹದ ತಗಡು ಬಿಸಿಗೆ ಬಾಗುತ್ತದೆ, ಸರ್ಕ್ಯೂಟ್ ಬಿಡಿಸುತ್ತದೆ, ಅಷ್ಟೇ. ಟೇಪ್‌ನ ತುದಿಗಳೂ ಬಿಲ್ಲೆಯ ಕಾಲುಗಳೂ ಚೆನ್ನಾಗಿ ಮುಚ್ಚಿರಲಿ. ನೀರಿನ ಬಟ್ಟಲು ಚೆಲ್ಲುವುದು ಮಾಮೂಲಿ, ಆದ್ದರಿಂದ ಆ ಪ್ಲಗ್‌ಗೆ 30 ಮಿಲಿಆಂಪ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ಕಡಿದುಬಿಡುವ ಸ್ವಿಚ್) ಇರಲೇಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಬೋಗಾದಿ ರ‍್ಯಾಕ್ (ಮೈಸೂರು)

ಸೆನ್ಸರ್ ಟಬ್ ಒಳಗೆ ಇಟ್ಟಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಹಾವು ತಳ್ಳುತ್ತದೆ, ಅದರ ಮೇಲೆ ಹೇತುಬಿಡುತ್ತದೆ, ಟಬ್ ತೊಳೆಯಲು ಎತ್ತಿದಾಗ ಬಿದ್ದುಹೋಗುತ್ತದೆ. ನಾನು ಸೆನ್ಸರನ್ನು ನೇರ ಟೇಪ್ ಮೇಲೇ, ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಿಂದ ಅಂಟಿಸಿದ್ದೇನೆ. ಟಬ್ ಎಷ್ಟು ಸಲ ಎಳೆದರೂ ಅದು ಅಲುಗಾಡಲ್ಲ. ಟೇಪ್ 34 ಇದ್ದರೆ ಟಬ್ ಒಳಗೆ 31 ಬರುತ್ತದೆ, ಹಾಗಾಗಿ 34ಕ್ಕೆ ಸೆಟ್. ಎರಡು ವರ್ಷದಿಂದ ಒಂದು ತೊಂದರೆ ಇಲ್ಲ.

ಹುತ್ತದಮನೆ

ಬೋಗಾದಿ ಸಾರ್, ಟೇಪ್ ಮೇಲೆ ಅಂಟಿಸುವುದನ್ನು ಒಪ್ಪುತ್ತೇನೆ. ಈಗ ನಾನೂ ಹಾಗೇ ಮಾಡಿದ್ದೇನೆ. ಆದರೆ ಆ 3 ಡಿಗ್ರಿ ವ್ಯತ್ಯಾಸ ವರ್ಷವಿಡೀ 3 ಆಗಿಯೇ ಇರುವುದಿಲ್ಲ. ಕಳೆದ ವಾರ ಅಳೆದೆ. ಮುಂಜಾನೆ ರೂಮು 18 ಇದ್ದಾಗ ಟೇಪ್ 34, ಟಬ್‌ನ ಒಳಗೆ ತಳ 29.5. ಮಧ್ಯಾಹ್ನ ರೂಮು 28 ಇದ್ದಾಗ ಅದೇ 34ಕ್ಕೆ ಒಳಗೆ 32.2. ಟೇಪ್‌ನ ಬಿಸಿ ಒಂದೇ, ಸುತ್ತ ಸೋರಿಹೋಗುವ ಬಿಸಿ ಬೇರೆ. ಚಳಿಗಾಲಕ್ಕೊಂದು ಸೆಟ್ಟಿಂಗ್, ಬೇಸಿಗೆಗೊಂದು ಸೆಟ್ಟಿಂಗ್ ಬೇಕೇ ಬೇಕು. ನೀವು ಅಳೆದಿದ್ದು ಯಾವ ತಿಂಗಳಲ್ಲಿ?

ಬೋಗಾದಿ ರ‍್ಯಾಕ್

ಆಗಸ್ಟ್‌ನಲ್ಲಿ. ಸರಿ, ಇವತ್ತು ರಾತ್ರಿ ಮತ್ತೆ ಅಳೆದು ಹೇಳುತ್ತೇನೆ.

ಚಾಕಿಮನೆ (ಮಳವಳ್ಳಿ)

ನಾನು ಹಾವು ಸಾಕಿದವನಲ್ಲ, ಸುಮ್ನೆ ಓದಲು ಬರುವವನು. ನಮ್ಮದು ಅಪ್ಪನ ಕಾಲದಿಂದ ರೇಷ್ಮೆ. ಆದರೆ ಸ್ಟ್ಯಾಂಡಿನ ಮೇಲೆ ಸ್ಟ್ಯಾಂಡ್ ಇಟ್ಟು ಜೀವ ಸಾಕುವ ಕಷ್ಟ ನಮಗೂ ಗೊತ್ತು, ಅದಕ್ಕೆ ಒಂದೆರಡು ಮಾತು.

ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 27ರಿಂದ 28 ಡಿಗ್ರಿ ಬೇಕು, ತೇವ 80ರ ಮೇಲೆ. ದೊಡ್ಡ ಹುಳಕ್ಕೆ 24-25 ಸಾಕು, ತೇವ 70. ಒಂದೇ ರೂಮಿನಲ್ಲಿ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಎರಡು ಡಿಗ್ರಿ ಸಲೀಸಾಗಿ ವ್ಯತ್ಯಾಸ ಬರುತ್ತದೆ. ಮೇಲಿನ ಹುಳು ಬೇಗ ಜ್ವರಕ್ಕೆ (ಪೊರೆ ಬಿಡಲು) ಕೂರುತ್ತವೆ, ಕೆಳಗಿನವು ಇನ್ನೂ ಸೊಪ್ಪು ತಿನ್ನುತ್ತಿರುತ್ತವೆ. ಒಂದೇ ದಿನ ಮರಿಯಾದ ಹುಳು ಹೀಗೆ ಹಿಂದುಮುಂದಾದರೆ ಆ ಬೆಳೆ ಕೈಗೆ ಹತ್ತಲ್ಲ. ಅದಕ್ಕೇ ತಟ್ಟೆ ಮೇಲೆ ಕೆಳಗೆ ಬದಲಾಯಿಸುತ್ತಿದ್ದೆವು. ಅಪ್ಪ ಥರ್ಮಾಮೀಟರನ್ನು ಗೋಡೆಗೆ ನೇತುಹಾಕಲು ಬಿಡುತ್ತಿರಲಿಲ್ಲ. "ಗೋಡೆ ಸೊಪ್ಪು ತಿನ್ನಲ್ಲ, ಹುಳು ಇರೋ ಕಡೆ ಇಡು" ಅನ್ನುತ್ತಿದ್ದರು.

ನಿಮ್ಮ ರ‍್ಯಾಕ್‌ಗೂ ಐದು ಖಾನೆಗೆ ಒಂದೇ ಸೆನ್ಸರ್ ಅಂದಿರಿ. ಅದು ನಡುವಿನ ಖಾನೆಯಲ್ಲಿದ್ದರೆ ಮೇಲಿನ ಟಬ್ ಎಷ್ಟಿದೆ ಅಂತ ನಿಮಗೆ ಗೊತ್ತಾಗುವುದು ಹೇಗೆ?

ಹುತ್ತದಮನೆ

ಚಾಕಿಮನೆ ಅಣ್ಣ, ನಿಮ್ಮ ಪ್ರಶ್ನೆ ಓದಿ ಅವತ್ತು ರಾತ್ರಿಯೇ ಐದೂ ಟಬ್ ಅಳೆದೆ. ಮೇಲಿನದು 32.8, ಎರಡನೇದು 32.1, ಮೂರನೇದು 31.3, ನಾಲ್ಕನೇದು 30.6, ಕೆಳಗಿನದು 29.4. ಮೂರು ವರ್ಷ ನಾನು 31 ಅಂತ ನಂಬಿಕೊಂಡಿದ್ದು ಒಂದು ಟಬ್‌ನ ಸತ್ಯ ಮಾತ್ರ.

ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 28ರಿಂದ 30 ಸಾಕು, ಹಾಗಾಗಿ ಅದು ಕೆಳಗಿರುವುದು ಸರಿಯೇ ಆಯಿತು. ಆದರೆ ಸೆನ್ಸರ್ ಮಾತ್ರ ಎಲ್ಲಕ್ಕಿಂತ ಬಿಸಿಯಾಗುವ ಮೇಲಿನ ಖಾನೆಯಲ್ಲಿರಬೇಕು. ಅದು 32 ದಾಟದಿದ್ದರೆ ಯಾವುದೂ ದಾಟಲ್ಲ. ಕೆಳಗಿನವಕ್ಕೆ ಕಮ್ಮಿಯಾದರೆ ರ‍್ಯಾಕ್‌ನ ಹಿಂದೆ, ಪಕ್ಕಕ್ಕೆ ಥರ್ಮೋಕೋಲ್ ಹಾಳೆ ಕೊಟ್ಟು ತುಂಬಬಹುದು. ಥರ್ಮೋಕೋಲ್ ಟೇಪ್‌ಗೆ ತಾಗಬಾರದು.

ಇನ್ನೊಂದು ವಿಷಯ, ನಿಮಗೆ ಇಷ್ಟವಾಗಬಹುದು. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ್ದು, ಘಾನಾ, ಟೋಗೋ, ಬೆನಿನ್ ಕಡೆಯದು. ಅಲ್ಲಿ ಅದು ಹಗಲೆಲ್ಲ ಇಲಿಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಇರುತ್ತದೆ. ನಮ್ಮ ಹಾವುಗಳ ಹಾಗೇ. ಹೊರಗೆ ಬಿಸಿಲು ಎಷ್ಟೇ ಇರಲಿ, ಹುತ್ತದ ಒಳಗೆ ಬಿಸಿಯೂ ತೇವವೂ ಹೆಚ್ಚು ಏರಿಳಿಯುವುದಿಲ್ಲ. ಇಲ್ಲಿ ನನ್ನ ಹೆಸರು ಹುತ್ತದಮನೆ ಆಗಿದ್ದೂ ಅದಕ್ಕೇ. ನಮ್ಮ ಅಜ್ಜಿ ಹುತ್ತಕ್ಕೆ ಹಾಲೆರೆಯುವಾಗ ಕೈಯಿಂದ ಮಣ್ಣು ಮುಟ್ಟಿ "ತಣ್ಣಗಿದೆ" ಅನ್ನುತ್ತಿದ್ದರು. ಆ ಮಾತು ರ‍್ಯಾಕ್ ಮುಂದೆ ಕೂತಾಗೆಲ್ಲ ನೆನಪಾಗುತ್ತದೆ.

ಚಾಕಿಮನೆ

ಒಳ್ಳೆಯದಾಯಿತು. ಒಂದು ವ್ಯತ್ಯಾಸ ಮಾತ್ರ ನೋಡಿ. ನಮ್ಮ ಹುಳು ಜ್ವರಕ್ಕೆ ಕೂತಾಗ ಮನೆ ಒಣಗಿರಬೇಕು, ಗಾಳಿ ಆಡಬೇಕು, ತೇವ ಇದ್ದರೆ ಪೊರೆ ಸರಿಯಾಗಿ ಕಳಚಲ್ಲ. ಹಾವಿಗೆ ಉಲ್ಟಾ ಅಲ್ವಾ?

ಹುತ್ತದಮನೆ

ಪೂರ್ತಿ ಉಲ್ಟಾ. ಹಾವಿನ ಕಣ್ಣು ಬೂದಿಬಣ್ಣಕ್ಕೆ ತಿರುಗಿದ ಕೂಡಲೇ ತೇವ ಜಾಸ್ತಿ ಮಾಡಬೇಕು. ಇಲ್ಲದಿದ್ದರೆ ಪೊರೆ ಚೂರು ಚೂರಾಗಿ ಬರುತ್ತದೆ, ಕಣ್ಣಿನ ಮೇಲಿನದು ಅಲ್ಲೇ ಉಳಿಯುತ್ತದೆ. ಹೀಟ್ ಟೇಪ್ ಟಬ್ ಒಳಗಿನ ತೇವವನ್ನು ಒಣಗಿಸಿಬಿಡುತ್ತದೆ, ಚಳಿಗಾಲದಲ್ಲಿ ಇದು ಇನ್ನೂ ಜಾಸ್ತಿ. ಒದ್ದೆ ಪಾಚಿ ತುಂಬಿದ ಡಬ್ಬಿಯನ್ನು ತಂಪು ತುದಿಯಲ್ಲಿ ಇಡುತ್ತೇನೆ. ನೀರಿನ ಬಟ್ಟಲನ್ನು ಟೇಪ್ ಮೇಲೆ ಇಡಬೇಡಿ, ಟಬ್ ಗೋಡೆಯೆಲ್ಲ ಬೆವರುತ್ತದೆ.

ನಿರ್ವಾಹಕರು

ಹೊಸಬರು ಈ ಚರ್ಚೆ ಓದುತ್ತಿರುವುದರಿಂದ ಒಂದು ಮಾತು. ಇಲ್ಲಿ ಹೇಳುತ್ತಿರುವುದೆಲ್ಲ ಸಾಕಿದ ವಿದೇಶಿ ಹಾವುಗಳ ಬಗ್ಗೆ. ನಮ್ಮ ಹೆಬ್ಬಾವು, ನಾಗರಹಾವು, ಕೇರೆ, ಉಡ, ನಕ್ಷತ್ರ ಆಮೆ ಯಾವುದನ್ನೂ ಮನೆಯಲ್ಲಿ ಇಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅದನ್ನು ತಡೆಯುತ್ತದೆ. ಬಾಲ್ ಪೈಥಾನ್ ಕೂಡ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಗುತ್ತಲು ರಸ್ತೆ ಅವರು ಆಗಿಲ್ಲದಿದ್ದರೆ ದಯವಿಟ್ಟು ಮೊದಲು ಇದನ್ನು ಮುಗಿಸಿ.

ಗುತ್ತಲು ರಸ್ತೆ

ಆಗಿದೆ ಸಾರ್, ಕಾಗದ ಇದೆ. 230 ವೋಲ್ಟ್‌ನ ಮ್ಯಾಟ್ ಬಂತು, ಥರ್ಮೋಸ್ಟ್ಯಾಟೂ ಬಂತು. ಭಾವನ ಟೇಪ್ ಪೆಟ್ಟಿಗೆಯಲ್ಲೇ ಇದೆ. ಎರಡು ಪ್ರಶ್ನೆ. ನನ್ನ ಸೆನ್ಸರ್ ಸರಿ ತೋರಿಸುತ್ತಿದೆ ಅಂತ ಹೇಗೆ ನಂಬುವುದು? ರಾತ್ರಿ ಕರೆಂಟ್ ಹೋದರೆ ಏನು ಮಾಡುವುದು?

ಫ್ಯೂಸ್‌ವೈರ್

ಸೆನ್ಸರ್‌ಗೆ ಮನೆಯಲ್ಲೇ ಪರೀಕ್ಷೆ ಇದೆ. ಐಸ್ ಪುಡಿ ಮಾಡಿ ಲೋಟಕ್ಕೆ ತುಂಬಿ, ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಕಲಕಿ. ಸೆನ್ಸರ್ ಅದ್ದಿ ಎರಡು ನಿಮಿಷ ಬಿಟ್ಟರೆ 0 ಬರಬೇಕು. ಆಮೇಲೆ ಇನ್ನೊಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಸೆನ್ಸರೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರೂ ಒಟ್ಟಿಗೆ. ಎರಡೂ 36ರ ಆಸುಪಾಸು ಒಂದೇ ಹೇಳಬೇಕು. ನಮಗೆ ಬೇಕಾದ 32ಕ್ಕೆ ಈ ಎರಡನೇ ಪರೀಕ್ಷೆಯೇ ಹತ್ತಿರ.

ಇನ್‌ಫ್ರಾರೆಡ್ ಗನ್ ಇದ್ದವರಿಗೆ: ಹೊಳೆಯುವ ಫಾಯಿಲ್ ಮೇಲೆ ಅದು ತಪ್ಪು ತೋರಿಸುತ್ತದೆ. ಅಲ್ಲೊಂದು ತುಂಡು ಪೇಪರ್ ಟೇಪ್ ಅಂಟಿಸಿ, ಅದಕ್ಕೆ ಗುರಿಯಿಟ್ಟು ನೋಡಿ.

ಕರೆಂಟ್ ವಿಷಯ. ಒಂದು ಮ್ಯಾಟ್ ಎಳೆಯುವುದು ಹತ್ತಿಪ್ಪತ್ತು ವ್ಯಾಟ್ ಅಷ್ಟೇ. ಮನೆಯ ಇನ್ವರ್ಟರ್ ಲೈನ್‌ಗೆ ಹಾಕಿ, ರಾತ್ರಿಯಿಡೀ ಬರುತ್ತದೆ.

ಹುತ್ತದಮನೆ

ಇನ್ವರ್ಟರ್ ಇಲ್ಲದಿದ್ದರೆ ಗಾಬರಿಯಾಗಬೇಡ ತಮ್ಮಾ. ದೊಡ್ಡ ಹಾವು ಒಂದು ರಾತ್ರಿ 20-22ರಲ್ಲಿ ಇದ್ದರೆ ಏನೂ ಆಗಲ್ಲ. ತಿಂದು ಎರಡು ಮೂರು ದಿನ ಆಗಿರದಿದ್ದರೆ ಮಾತ್ರ ಚಿಂತೆ. ಟಬ್ ಸಮೇತ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬಿಸಿನೀರಿನ ಬಾಟಲಿಯನ್ನು ಟವಲ್‌ನಲ್ಲಿ ಸುತ್ತಿ ಟಬ್‌ನ ಹೊರಗಡೆ ಪಕ್ಕಕ್ಕಿಡು. ಪೆಟ್ಟಿಗೆಗೆ ಗಾಳಿ ತೂತು ಇರಲಿ. ಬಾಟಲಿ ಟಬ್ ಒಳಗೆ ಬೇಡ.

ಚಾಕಿಮನೆ

ದಯವಿಟ್ಟು ಇದ್ದಿಲು ಕೆಂಡ ಮಾತ್ರ ಮುಚ್ಚಿದ ರೂಮಿನಲ್ಲಿ ಇಡಬೇಡಿ. ಹಿಂದೆ ಹುಳುಮನೆಗೆ ಇಡುತ್ತಿದ್ದರು. ಅದರ ವಿಷಗಾಳಿ ಹುಳಕ್ಕೂ ಕೆಟ್ಟದ್ದು, ಪಕ್ಕದಲ್ಲಿ ಮಲಗುವ ಮನುಷ್ಯರಿಗೂ ಕೆಟ್ಟದ್ದು.

ಬೋಗಾದಿ ರ‍್ಯಾಕ್

ಅಳೆದೆ. ಮುಂಜಾನೆ ಐದಕ್ಕೆ ಟೇಪ್ 34, ಒಳಗೆ 29.8. ಹುತ್ತದಮನೆ ಸಾರ್ ಹೇಳಿದ್ದು ಸರಿ. ಎರಡು ಚಳಿಗಾಲ ನನ್ನ ಗಂಡು ಹಾವು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಊಟ ಬಿಟ್ಟಿತ್ತು. ಗಂಡಿಗೆ ಅದು ಮಾಮೂಲಿ ಅಂತ ಸುಮ್ಮನಿದ್ದೆ. ಬಿಸಿ ಕಮ್ಮಿ ಇದ್ದದ್ದೂ ಕಾರಣ ಇರಬಹುದು ಅಂತ ಈಗ ಅನ್ನಿಸುತ್ತಿದೆ. 36ಕ್ಕೆ ಏರಿಸಿದ್ದೇನೆ, 45ರ ಬಿಲ್ಲೆಯನ್ನೂ ಹಾಕಿಸಿದೆ.

ಹುತ್ತದಮನೆ, ಏಪ್ರಿಲ್ 9

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಈಗಿನ ಸ್ಥಿತಿ ಬರೆಯುತ್ತೇನೆ.

ರ‍್ಯಾಕ್‌ನಲ್ಲಿ ಈಗ ಸೆನ್ಸರ್ ಮೇಲಿನ ಖಾನೆಯ ಟೇಪ್ ಮೇಲೆ, ಫಾಯಿಲ್ ಟೇಪ್‌ನ ಕೆಳಗೆ ಕೂತಿದೆ. ಅದರ ವೈರನ್ನು ಪ್ಲೈವುಡ್‌ಗೆ ಎರಡು ಕ್ಲಿಪ್ ಹೊಡೆದು ಬಿಗಿದಿದ್ದೇನೆ. ಎಳೆದರೆ ಕ್ಲಿಪ್ ತಡೆಯುತ್ತದೆ, ಸೆನ್ಸರ್ ಅಲುಗಾಡುವುದಿಲ್ಲ. 45ರ ಬಿಲ್ಲೆ ಅದೇ ಟೇಪ್‌ಗೆ ತಾಗಿಕೊಂಡಿದೆ. ಪ್ರತಿ ಟಬ್ ಒಳಗೂ ಒಂದೊಂದು ಪುಟ್ಟ ಡಿಜಿಟಲ್ ಮೀಟರ್, ಅದರ ಪರದೆ ಹೊರಗೆ. ಐದರ ಅಂಕಿಯನ್ನೂ ಬೆಳಿಗ್ಗೆ ಹಾಲು ಕಾಯಲು ಇಟ್ಟು ಬಂದು ಬರೆದುಕೊಳ್ಳುತ್ತೇನೆ. ಅಂಕಿ ಬರೆಯದ ದಿನ ಟಬ್ ಮುಟ್ಟುವುದಿಲ್ಲ.

ಈಗ ಕಷ್ಟ ಉಲ್ಟಾ ಆಗಿದೆ. ನಮ್ಮದು ಮೊದಲನೇ ಮಹಡಿ, ಮೇಲೆ ಬರೀ ಆರ್‌ಸಿಸಿ. ಮಧ್ಯಾಹ್ನ ಮೂರಕ್ಕೆ ರೂಮು 33. ಥರ್ಮೋಸ್ಟ್ಯಾಟ್ ಟೇಪ್ ಆಫ್ ಮಾಡುತ್ತದೆ, ಸರಿ. ಆದರೆ ತಂಪು ತುದಿ ಅಂತ ಒಂದು ಉಳಿಯುವುದೇ ಇಲ್ಲ, ಟಬ್‌ನ ಆ ತುದಿಯೂ ಈ ತುದಿಯೂ 33. ಬಿಸಿ ಕೊಡುವ ಯಂತ್ರ ತಂಪು ಕೊಡಲಾರದು. ಕಾರ್ನ್ ಸ್ನೇಕ್‌ಗೆ ಇದು ತಡೆಯುವುದಿಲ್ಲ, ಅದನ್ನು ಕೆಳಗಿನ ಮನೆಯಲ್ಲಿ ಅತ್ತೆಯವರ ಸ್ಟೋರ್ ರೂಮಿಗೆ ಸಾಗಿಸಿದೆ. ಅಲ್ಲಿ 28 ದಾಟುವುದಿಲ್ಲ. ರ‍್ಯಾಕ್ ರೂಮಿನ ಕಿಟಕಿಗೆ ಮಳವಳ್ಳಿ ಅಣ್ಣ ಫೋನಿನಲ್ಲಿ ಹೇಳಿದ ಹಾಗೆ ಒದ್ದೆ ಗೋಣಿತಾಟು ಕಟ್ಟಿದೆ, ಎದುರಿಗೆ ಟೇಬಲ್ ಫ್ಯಾನ್. ಮೂರು ಡಿಗ್ರಿ ಇಳಿಯಿತು. ಮೇಲಿನ ಟಬ್ ಈಗ ಮಧ್ಯಾಹ್ನ 30.4, ರಾತ್ರಿ ಟೇಪ್ ಹೊತ್ತಿಕೊಂಡ ಮೇಲೆ 31.6.

ಮೂರನೇ ಟಬ್‌ನವಳು ಮಾರ್ಚ್ ಕೊನೆಯಲ್ಲಿ ಒಂದು ಸಣ್ಣ ಇಲಿ ತಿಂದಳು. ಎರಡನೇ ಪೊರೆ ನಿನ್ನೆ ರಾತ್ರಿ ಬಿಟ್ಟಳು, ತಲೆಯಿಂದ ಬಾಲದವರೆಗೆ ಒಂದೇ ತುಂಡು. ಬೆಳಿಗ್ಗೆ ಪೊರೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಹೊಟ್ಟೆಯ ಭಾಗದಲ್ಲಿ ಹನ್ನೊಂದು ಹುರುಪೆ ಮಾತ್ರ ಮುದುಡಿಕೊಂಡು, ಅಂಚು ಹರಿದ ಕಾಗದದ ಹಾಗೆ ಇವೆ. ಮೊದಲ ಪೊರೆಯಲ್ಲಿ ಹತ್ತೊಂಬತ್ತು ಇದ್ದವು.

ಗುತ್ತಲು ರಸ್ತೆ

ಅಣ್ಣ, ತುಂಬಾ ಖುಷಿಯಾಯಿತು. ಆ ವೈರ್ ಕ್ಲಿಪ್ ಯಾವ ಸೈಜು?

ಹುತ್ತದಮನೆ

4 ಮಿಲಿಮೀಟರ್, ಮೊಳೆ ಇರುವ ಪ್ಲಾಸ್ಟಿಕ್ ಕ್ಲಿಪ್. ಮೊದಲನೇದನ್ನು ಸೆನ್ಸರ್‌ನಿಂದ ಮೂರು ಬೆರಳು ದೂರದಲ್ಲಿ ಹೊಡೆ. ಮೊಳೆ ಟೇಪ್‌ಗೆ ತಾಗದ ಹಾಗೆ ನೋಡಿಕೋ, ಹೊಡೆಯುವ ಮೊದಲು ಪ್ಲಗ್ ಕಿತ್ತಿಡು.